ಅತ್ತೆಯ ಹಲ್ಲುಸೆಟ್ಟು

ಫೆಬ್ರವರಿ 10, ಸೋಮವಾರ

ಮನಸ್ಸಿನ ಡಾಕ್ಟರು ದಿನಾ ಬರೆಯಿರಿ ಅಂದರು. ಮಾಡಿದ ಒಂದು ಕೆಲಸವನ್ನಾದರೂ ಬರೆಯಬೇಕಂತೆ, ಎಷ್ಟೇ ಚಿಕ್ಕದಿರಲಿ. ಯಾರಿಗೂ ತೋರಿಸಬೇಕಾಗಿಲ್ಲವಂತೆ. ತೋರಿಸಲು ಇರುವುದಾದರೂ ಏನು, ಮಣ್ಣಂಗಟ್ಟಿ? ಎದ್ದೆ, ಮತ್ತೆ ಮಲಗಿದೆ. ಇದು ಪ್ಲಾಸ್ಟರ್ ಮಾರುವವನು ಹೊಸ ವರ್ಷಕ್ಕೆ ಪುಕ್ಕಟೆ ಕೊಟ್ಟ ಡೈರಿ. ಪ್ರತಿ ಪುಟದ ಅಡಿಯಲ್ಲೂ ‘ಬಿರುಕಿಲ್ಲದ ಬಾಳಿಕೆ’ ಎಂದು ಅಚ್ಚು ಹಾಕಿಸಿದ್ದಾನೆ. ಅದರ ಮೇಲೆ ನನ್ನ ಬರಹ.

ಮೊದಲ ಪುಟದಲ್ಲಿ ನಿಮ್ಮ ಬಗ್ಗೆ ಬರೆದುಕೊಳ್ಳಿ ಅಂದಿದ್ದರು. ಬರೆಯುತ್ತೇನೆ. ಎಲ್ಲರೂ ನನ್ನನ್ನು ಕರೆಯುವುದು ಹಲ್ಲುಮೇಸ್ತ್ರಿ ಎಂದು. ಹಲ್ಲಿನ ಡಾಕ್ಟರು ರೋಗಿಗಳ ವಸಡಿನ ಅಚ್ಚು ತೆಗೆದು ಕಳಿಸುತ್ತಾರೆ. ನಾನು ಮನೆಯ ಹಿಂದಿನ ಕೋಣೆಯಲ್ಲಿ ಕೂತು ಅದಕ್ಕೆ ಪ್ಲಾಸ್ಟರ್ ಹುಯ್ದು, ಮೇಣದಲ್ಲಿ ಹಲ್ಲು ಕೂರಿಸಿ, ಸೆಟ್ಟು ಮಾಡಿ ಕೊಡುತ್ತೇನೆ. ಕೊಡುತ್ತಿದ್ದೆ. ಈ ಪೇಟೆಯಲ್ಲಿ ಹಲ್ಲು ಕಿರಿಯುವ ಮುದುಕರಲ್ಲಿ ಅರ್ಧದಷ್ಟು ಜನ ನನ್ನ ಹಲ್ಲನ್ನೇ ಕಿರಿಯುವುದು.

ನನಗೇನಾಗಿದೆ ಎಂದು ಕೇಳಿದರೆ ಹೇಳಲು ಏನೂ ಇಲ್ಲ. ಯಾರೂ ಸತ್ತಿಲ್ಲ. ಸಾಲವಿಲ್ಲ. ಹೆಂಡತಿ ಒಳ್ಳೆಯವಳು, ರೈಲ್ವೆ ಟಿಕೆಟ್ ಕೌಂಟರಿನಲ್ಲಿ ಕೆಲಸ, ನಸುಕಿಗೇ ಹೊರಡುತ್ತಾಳೆ. ಹೋದ ವರ್ಷದ ಮಧ್ಯದಲ್ಲಿ ಒಂದು ದಿನ ಸ್ಟೂಲಿನ ಮೇಲೆ ಕೂತವನಿಗೆ ಕೈ ಏಳಲಿಲ್ಲ. ನೋವಿಲ್ಲ, ಪೆಟ್ಟಿಲ್ಲ, ಸುಮ್ಮನೆ ಏಳಲಿಲ್ಲ. ಅಲ್ಲಿಂದ ಹೀಗೆ. ಒಂದು ಕಾರಣವಾದರೂ ಇದ್ದಿದ್ದರೆ ನಾಲ್ಕು ಜನರ ಮುಂದೆ ಹೇಳಿಕೊಳ್ಳಬಹುದಿತ್ತು.

ಮನೆಯಲ್ಲಿ ಮೂರನೆಯವರು ಅತ್ತೆ, ಹೆಂಡತಿಯ ತಾಯಿ. ವರ್ಷದ ಕೊನೆಯಲ್ಲಿ ಅವರ ಉಳಿದ ಹಲ್ಲುಗಳನ್ನೂ ಕೀಳಿಸಿದ್ದಾಯಿತು. ಅಂದಿನಿಂದ ನನ್ನ ಮುಂದೆ ಬಂದರೆ ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ. ಅಳಿಯನಿಗೆ ಬೊಚ್ಚುಬಾಯಿ ತೋರಿಸಬಾರದಂತೆ. ಕೈಯ ಹಿಂದಿನಿಂದಲೇ ಮಾತು, ಕೈಯ ಹಿಂದಿನಿಂದಲೇ ನಗು. ನಿಮ್ಮ ಸೆಟ್ಟು ನಾನೇ ಮಾಡುತ್ತೇನೆ, ಬೇರೆಯವರ ಕೈಯಲ್ಲಿ ಮಾಡಿಸಿದರೆ ನನ್ನ ಮರ್ಯಾದೆ ಏನಾಗಬೇಕು ಎಂದು ಹಿಂದೆ ಯಾವಾಗಲೋ ಜಂಬ ಕೊಚ್ಚಿಕೊಂಡಿದ್ದೆ. ಈಗ ವಸಡು ಮಾಗಿದೆಯಂತೆ. ಬುಧವಾರ ಅಚ್ಚು ತೆಗೆಸುತ್ತಾರಂತೆ.

ಇವತ್ತು ಮಾಡಿದ ಕೆಲಸ: ಇದನ್ನು ಬರೆದದ್ದು.

ಫೆಬ್ರವರಿ 12, ಬುಧವಾರ

ಅತ್ತೆ ಅಚ್ಚಿನ ಡಬ್ಬಿಯನ್ನು ಎದೆಗವಚಿಕೊಂಡು ಬಂದರು. ಮೇಲಿನದೊಂದು, ಕೆಳಗಿನದೊಂದು, ಒದ್ದೆ ಬಟ್ಟೆ ಸುತ್ತಿ ಕೊಟ್ಟಿದ್ದರು. ‘ಈಗಲೇ ಪ್ಲಾಸ್ಟರ್ ಹುಯ್ಯಬೇಕಂತೆ, ಡಾಕ್ಟ್ರು ಎರಡೆರಡು ಸಲ ಹೇಳಿದ್ರು’ ಎಂದರು, ಕೈಯ ಹಿಂದಿನಿಂದ.

ನನಗೇ ಪಾಠ. ಅಚ್ಚಿನ ಪೇಸ್ಟು ಒಣಗುತ್ತಾ ಹೋದಂತೆ ಕುಗ್ಗುತ್ತದೆ. ಕುಗ್ಗಿದ ಅಚ್ಚಿಗೆ ಹುಯ್ದರೆ ಸಿಗುವುದು ಆ ಮನುಷ್ಯನ ವಸಡಲ್ಲ, ಬೇರೆ ಯಾರದೋ. ಅಚ್ಚು ಬಂತೆಂದರೆ ಊಟದ ತಟ್ಟೆ ಬಿಟ್ಟು ಏಳು ಎಂದು ಕೆಲಸ ಕಲಿಸಿದವರು ಮೊದಲ ದಿನವೇ ಹೇಳಿದ್ದರು. ನಾನೂ ಎದ್ದಿದ್ದೇನೆ, ಎಷ್ಟೋ ಸಲ, ಎಂಜಲು ಕೈಯಲ್ಲೇ.

ಇಡಿ, ಹುಯ್ಯುತ್ತೇನೆ ಎಂದೆ. ಪ್ಲಾಸ್ಟರ್ ಮೇಜಿನ ಕೆಳಗೇ ಇದೆ. ಒಂದು ಲೋಟ ಟೀ ಕುಡಿಯುವಷ್ಟು ಹೊತ್ತಿನ ಕೆಲಸ. ಮಂಚದ ಮೇಲೆ ಕೂತು ಅದನ್ನೇ ಯೋಚಿಸಿದೆ. ಏಳಬೇಕು, ಚಪ್ಪಲಿ ಮೆಟ್ಟಬೇಕು, ಬಟ್ಟಲು ತೊಳೆಯಬೇಕು. ಬಟ್ಟಲಿನಲ್ಲಿ ಹಳೆಯ ಪ್ಲಾಸ್ಟರ್ ಅಂಟಿದೆ. ರಬ್ಬರಿನ ಬಟ್ಟಲು, ಹಿಚುಕಿದರೆ ತಾನೇ ಉದುರುತ್ತದೆ. ಆದರೆ ಯೋಚನೆ ಬಟ್ಟಲಿನವರೆಗೆ ಬರುವಷ್ಟರಲ್ಲೇ ಸುಸ್ತು. ಮತ್ತೆ ಮೊದಲಿನಿಂದ ಶುರು: ಏಳಬೇಕು, ಚಪ್ಪಲಿ ಮೆಟ್ಟಬೇಕು.

ಫೆಬ್ರವರಿ 13, ಗುರುವಾರ

ಹುಯ್ಯಲಿಲ್ಲ.

ಫೆಬ್ರವರಿ 15, ಶನಿವಾರ

ಹುಯ್ದೆ. ಹೆಂಡತಿ ‘ಅಮ್ಮನದು ಎಲ್ಲೀವರೆಗೆ ಬಂತು ರೀ’ ಎಂದು ಕೇಳಿದಳು. ಆಗುತ್ತಿದೆ ಎಂದುಬಿಟ್ಟೆ. ಹೇಳಿದ ಮೇಲೆ ಎದ್ದು ಹೋಗಲೇಬೇಕಾಯಿತು. ಸುತ್ತಿದ ಬಟ್ಟೆ ಒಣಗಿ ರಟ್ಟಾಗಿತ್ತು. ಅಚ್ಚಿನ ಅಂಚು ಅದು ಕೂತಿದ್ದ ತಗಡಿನ ಟ್ರೇಯಿಂದ ಬಿಟ್ಟುಕೊಂಡಿತ್ತು. ಅದರ ಮೇಲೆ ನೀರು ಚಿಮುಕಿಸಿದೆ, ಸತ್ತವನ ಬಾಯಿಗೆ ನೀರು ಬಿಟ್ಟ ಹಾಗೆ. ಎಸೆಯಬೇಕಿತ್ತು. ಎಸೆದರೆ ಡಾಕ್ಟರಿಗೆ ಹೇಳಬೇಕು, ಹೆಂಡತಿ ಮತ್ತೆ ರಜೆ ಹಾಕಬೇಕು, ಅತ್ತೆ ಮತ್ತೆ ಬಾಯಿ ತೆರೆದು ಕೂರಬೇಕು, ಎಲ್ಲರೂ ಏನೂ ಅನ್ನದೆ ನನ್ನನ್ನು ನೋಡಬೇಕು. ಅವರು ಏನೂ ಅನ್ನದೆ ನೋಡುವುದನ್ನು ತಡೆಯಲು ನನ್ನಿಂದಾಗದು.

ಕೂದಲೆಳೆಯಷ್ಟು ಹೆಚ್ಚುಕಮ್ಮಿ ಆಗಿರಬಹುದು. ವಸಡು ಮೆತ್ತಗಿರುತ್ತದೆ, ಹೊಂದಿಕೊಳ್ಳುತ್ತದೆ.

ಫೆಬ್ರವರಿ 26, ಬುಧವಾರ

ಮೇಣದಲ್ಲಿ ಹಲ್ಲು ಕೂರಿಸಿ ಕಳಿಸಿದ್ದೆ. ಅತ್ತೆಯ ಬಾಯಿಗೆ ಇಟ್ಟು ನೋಡಿದರಂತೆ. ಎಲ್ಲಾದರೂ ಚುಚ್ಚುತ್ತದಾ ಎಂದು ಡಾಕ್ಟರು ಕೇಳಿದ್ದಕ್ಕೆ ಇಲ್ಲವೇ ಇಲ್ಲ ಅಂದರಂತೆ. ಸರಿ, ಹೊಂದಿಕೊಂಡಿದೆ. ಸುಮ್ಮನೆ ಹೆದರಿದ್ದೆ.

ಹೆಂಡತಿ ಇನ್ನೊಂದು ಸುದ್ದಿಯನ್ನೂ ಮೆಲ್ಲಗೆ ಹೇಳಿದಳು. ಡಾಕ್ಟರು ಉಳಿದವರ ಕೆಲಸವನ್ನೆಲ್ಲ ಬೇರೆ ಮೇಸ್ತ್ರಿಗೆ ಕೊಡುತ್ತಿದ್ದಾರೆ, ‘ಅವರು ಹುಷಾರಾಗೋ ತನಕ’. ನನಗೆ ಬೇಸರವಾಗುತ್ತದೆ ಎಂದುಕೊಂಡಿದ್ದಳೇನೋ. ಪೀಡೆ ತೊಲಗಿತು ಅನ್ನಿಸಿತು. ಆಮೇಲೆ ಹಾಗನ್ನಿಸಿದ್ದಕ್ಕೆ ಭಯವಾಯಿತು.

ಮಾರ್ಚ್ 2, ಭಾನುವಾರ

ಸೆಟ್ಟು ಮುಗಿಯಿತು. ಮೇಣ ಕರಗಿಸಿ, ವಸಡಿನ ಬಣ್ಣದ ಪ್ಲಾಸ್ಟಿಕ್ ಹಿಟ್ಟು ತುಂಬಿ, ಕುದಿಸಿ, ತಣಿಸಿ, ಉಜ್ಜಿ ಹೊಳಪು ಬರಿಸಲು ಒಂದು ಕಾಲದಲ್ಲಿ ನನಗೆ ಒಂದೂವರೆ ದಿನ ಸಾಕಾಗುತ್ತಿತ್ತು. ಇರಲಿ. ಡಾಕ್ಟರಲ್ಲಿಗೆ ಮತ್ತೆ ಹೋಗುವುದು ಬೇಡ, ಮನೆಯಲ್ಲೇ ಹಾಕಿಕೊಳ್ಳುತ್ತೇನೆ ಎಂದು ಅತ್ತೆ ಹಟ ಮಾಡಿದರು. ಗೋಡೆಯ ಕಡೆ ತಿರುಗಿ ಹಾಕಿಕೊಂಡು ನಮ್ಮ ಕಡೆ ತಿರುಗಿದರು. ಕಣ್ಣಲ್ಲಿ ನೀರು ತುಂಬಿತ್ತು.

‘ಚೆನ್ನಾಗಿದೆ ಅಳಿಯಂದಿರೇ. ಹಲ್ಲಿದ್ದಾಗ ಕಡಲೆ ಇರಲಿಲ್ಲ, ಕಡಲೆ ಬಂದಾಗ ಹಲ್ಲಿರಲಿಲ್ಲ. ಈಗ ಎರಡೂ ಬಂತು’ ಅಂದರು. ಹೆಂಡತಿ ನಕ್ಕಳು. ನಾನೂ ನಕ್ಕೆನಂತೆ, ಇವಳು ಹೇಳಿದಳು. ಅತ್ತೆ ಮಾತಾಡುವಾಗ ಕೈ ಮಾತ್ರ ಹಳೆಯ ರೂಢಿಯ ಮೇಲೆ ಬಾಯಿಗೇ ಹೋಗುತ್ತಿತ್ತು. ಹೋಗುತ್ತದೆ, ನಾಲ್ಕು ದಿನ.

ಮಾರ್ಚ್ 5, ಬುಧವಾರ

ಸ್ನಾನ ಮಾಡಿದೆ. ಬಟ್ಟಲುಗಳನ್ನು ತೊಳೆದು ಕವುಚಿಟ್ಟೆ. ಮಧ್ಯಾಹ್ನ ಮೇಜಿನ ಬಳಿ ಅತ್ತೆಯ ಎದುರು ಕೂತು ಊಟ ಮಾಡಿದೆ. ಅವರು ಸೇಬಿನ ಹೋಳು ಕಚ್ಚಿ, ನಿಧಾನವಾಗಿ ಅಗಿದು, ತಲೆಯಾಡಿಸಿದರು. ನಾನು ಮಾಡಿದ ಒಂದು ವಸ್ತು ಒಬ್ಬರ ಬಾಯಲ್ಲಿ ಕೆಲಸ ಮಾಡುತ್ತಿದೆ. ದೊಡ್ಡ ವಿಷಯವೇನಲ್ಲ, ಬರೆಯಬೇಕಂತಲ್ಲ ಎಂದು ಬರೆದೆ.

ಮಾರ್ಚ್ 9, ಭಾನುವಾರ

ಅತ್ತೆ ಈಚೆಗೆ ಮಾತು ಕಡಿಮೆ ಮಾಡಿದ್ದಾರೆ. ಮನೆ ತಣ್ಣಗಿದೆ. ಒಳ್ಳೆಯದೇ ಆಯಿತು. ರಾತ್ರಿಯ ಊಟ ಬೇಡ, ಬರೀ ಹಾಲು ಸಾಕು ಅನ್ನುತ್ತಾರೆ. ವಯಸ್ಸಾಯಿತಲ್ಲ.

ಮಾರ್ಚ್ 14, ಶುಕ್ರವಾರ

ಊಟವಾದ ಮೇಲೆ ಮಲಗಿದ್ದೆ. ಬಾಯಾರಿ ಅಡಿಗೆಮನೆಗೆ ಹೋದೆ, ಬರಿಗಾಲಲ್ಲಿ. ಅತ್ತೆ ಬೆನ್ನು ಹಾಕಿ ನಿಂತಿದ್ದರು. ಸೆಟ್ಟು ಕಟ್ಟೆಯ ಮೇಲೆ ಲೋಟದಲ್ಲಿತ್ತು. ಅವರ ಮುಂದೆ ಹಾಲಿನಲ್ಲಿ ನೆನೆಸಿದ ಬ್ರೆಡ್ಡಿನ ಬಟ್ಟಲು. ನನ್ನೆದುರು ಊಟದ ಶಾಸ್ತ್ರ ಮುಗಿಸಿ, ನಾನು ಮಲಗಿದ ಮೇಲೆ ಅವರ ನಿಜವಾದ ಊಟ. ನೀರು ಮುಕ್ಕಳಿಸಿ ಸಿಂಕಿಗೆ ಉಗಿದರು. ನೀರು ಕೆಂಪಗಿತ್ತು.

ನನ್ನನ್ನು ಕಂಡು ಕೈ ಬಾಯಿಗೆ ಹೋಯಿತು. ಕೈ ತೆಗೆಯಿರಿ ಎಂದೆ. ತೆಗೆಯಲಿಲ್ಲ. ತೆಗೆಯಿರಿ ಎಂದು ಕಿರುಚಿದೆ. ತೆಗೆದರು. ಕೆಳಗಿನ ವಸಡಿನ ಎರಡು ಕಡೆಯೂ ಹುಣ್ಣು. ಒಂದು ಕಡೆ ಸೆಟ್ಟಿನ ಅಂಚು ಕುಯ್ದು ಒಳಗಿಳಿದಿದೆ. ಇದು ನಿನ್ನೆ ಮೊನ್ನೆಯದಲ್ಲ. ಮೊದಲ ದಿನದ ಆ ಕಣ್ಣೀರು ಏನೆಂದು ಈಗ ತಿಳಿಯಿತು.

ಯಾಕೆ ಹೇಳಲಿಲ್ಲ ಎಂದು ಕೇಳಿದೆ. ‘ನೀವು ಅವತ್ತು ಸ್ನಾನ ಮಾಡಿದ್ರಿ’ ಅಂದರು. ಅಷ್ಟೇ ಹೇಳಿದ್ದು.

ಮಾರ್ಚ್ 15, ಶನಿವಾರ

ಹೆಂಡತಿಗೆ ನಾನೇ ಹೇಳಿದೆ, ಒಣಗಿದ ಅಚ್ಚಿನಿಂದ ಹಿಡಿದು ಎಲ್ಲವನ್ನೂ. ಅವಳು ಇಷ್ಟು ತಿಂಗಳಲ್ಲಿ ಒಂದು ಸಲವೂ ದನಿ ಎತ್ತಿದವಳಲ್ಲ. ಕೌಂಟರಿನಲ್ಲಿ ಯಾರ್‍ಯಾರೋ ಬೈದದ್ದನ್ನು ನುಂಗಿಕೊಂಡು ಬರುವವಳು. ಇವತ್ತೂ ದನಿ ಎತ್ತಲಿಲ್ಲ. ಚೀಲವನ್ನು ಹೆಗಲಿನಿಂದ ಇಳಿಸದೆಯೇ ನಿಂತು ಹೇಳಿದಳು: ‘ನಿಮ್ಮ ಮನಸ್ಸು ನೋಯಬಾರದು ಅಂತ ನಮ್ಮಮ್ಮ ಎರಡು ವಾರದಿಂದ ರಕ್ತ ನುಂಗಿದ್ದಾಳೆ. ನಿಮ್ಮ ಮನಸ್ಸು, ನಿಮ್ಮ ಮನಸ್ಸು. ಈ ಮನೇಲಿ ಬೇರೆ ಯಾರಿಗೂ ಮನಸ್ಸೇ ಇಲ್ವಾ?’

ಹೇಳಿ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟಳು. ನಲ್ಲಿ ಬಿಟ್ಟರೆ ಅಳುವುದು ಕೇಳಿಸುವುದಿಲ್ಲ ಎಂದುಕೊಂಡಿದ್ದಾಳೆ, ಪಾಪ.

ಮಾರ್ಚ್ 16, ಭಾನುವಾರ

ನಾನಿಲ್ಲದಿದ್ದರೆ ಇವರಿಬ್ಬರೂ ನೆಮ್ಮದಿಯಾಗಿ ಇರುತ್ತಾರೆ. ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಬರೆದಾಯಿತು.

ಮಾರ್ಚ್ 19, ಬುಧವಾರ

ಹೆಂಡತಿ ರಜೆ ಹಾಕಿ ಮನಸ್ಸಿನ ಡಾಕ್ಟರಲ್ಲಿಗೆ ಕರೆದೊಯ್ದಳು. ಭಾನುವಾರದ ಮಾತನ್ನು ಅವರ ಮುಂದೆ ಬಾಯಿಬಿಟ್ಟು ಹೇಳಿದೆ. ಇವಳೂ ಅಲ್ಲೇ ಕೂತಿದ್ದಳು. ಮಾತ್ರೆ ಬದಲಾಯಿಸಿದರು. ಒಬ್ಬನೇ ಇರಬಾರದು, ಅತ್ತೆ ಮನೆಯಲ್ಲೇ ಇರುತ್ತಾರಲ್ಲ ಎಂದು ಕೇಳಿದರು. ಇರುತ್ತಾರೆ ಎಂದೆ. ಬಸ್ಸಿನಲ್ಲಿ ಬರುವಾಗ ಇವಳು ದಾರಿಯುದ್ದಕ್ಕೂ ನನ್ನ ಅಂಗಿಯ ತೋಳು ಹಿಡಿದುಕೊಂಡೇ ಇದ್ದಳು.

ಮಾರ್ಚ್ 22, ಶನಿವಾರ

ಹಲ್ಲಿನ ಡಾಕ್ಟರು ಅತ್ತೆಯ ಹುಣ್ಣು ನೋಡಿ ಮೂರು ವಾರ ಸೆಟ್ಟು ಮುಟ್ಟಬೇಡಿ ಅಂದರಂತೆ. ಪೂರ್ತಿ ಮಾಗಿದ ಮೇಲೆ ಹೊಸ ಅಚ್ಚು. ಅಲ್ಲಿಯವರೆಗೆ ಬೆಚ್ಚಗಿನ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಬೇಕು.

ಇದರಿಂದ ನನಗೊಂದು ಹೊಸ ಉಪದ್ವ್ಯಾಪ ಗಂಟುಬಿದ್ದಿದೆ. ಬೆಳಿಗ್ಗೆ ಇವಳು ಕೆಲಸಕ್ಕೆ ಹೋದ ಮೇಲೆ ಅತ್ತೆ ನನ್ನ ಕೋಣೆಯ ಬಾಗಿಲಲ್ಲಿ ಬಂದು ನಿಂತರು, ಒಂದು ಕೈಯಲ್ಲಿ ಉಪ್ಪುನೀರಿನ ಲೋಟ, ಇನ್ನೊಂದು ಕೈ ಬಾಯಿಯ ಮೇಲೆ. ಬರೀ ಹಾಲು ಬ್ರೆಡ್ಡು ತಿಂದು ತಲೆ ಸುತ್ತುತ್ತದಂತೆ. ಬೇಸಿನ್ನಿನ ಹತ್ತಿರ ನೆಲ ಜಾರುತ್ತದಂತೆ. ‘ನಿಮ್ಮ ಮೊಣಕೈ ಸ್ವಲ್ಪ ಕೊಡಿ ಅಳಿಯಂದಿರೇ. ಬಿದ್ದರೆ ಸೊಂಟ ಮುರೀತದೆ, ಆಮೇಲೆ ನನ್ನ ಗೂ ಬಳಿಯೋದು ನಿಮ್ಮ ಪಾಲಿಗೆ.’

ಅವರ ಬಾಯಿ ಹಾಳು ಮಾಡಿದವನು ನಾನು. ಇಲ್ಲ ಅನ್ನುವ ಮುಖವಿಲ್ಲ. ಎದ್ದೆ.

ಮಾರ್ಚ್ 25, ಮಂಗಳವಾರ

ಮತ್ತೆ ಮೊಣಕೈ. ಮುದುಕಿ ಮುಕ್ಕಳಿಸುವುದೆಂದರೆ ಒಂದು ಯಜ್ಞ. ಒಂದು ಗುಟುಕು ಬಾಯಿಗೆ, ಒಂದಷ್ಟು ಹೊತ್ತು ಗುಳುಗುಳು, ಉಗಿದು, ಕನ್ನಡಿ ನೋಡಿ, ಮತ್ತೆ ಗುಟುಕು. ಆ ಹೊತ್ತು ನಾನು ಕಂಬದ ಹಾಗೆ ನಿಂತಿರಬೇಕು. ಕನ್ನಡಿಯಲ್ಲಿ ನನ್ನ ಮುಖವನ್ನು ಬಹಳ ದಿನಗಳ ಮೇಲೆ ನೋಡಿದೆ. ಯಾರಪ್ಪ ಇವನು ಅನ್ನಿಸಿತು. ಊರಿಗೆಲ್ಲ ಹಲ್ಲು ಮಾಡಿಕೊಟ್ಟವನ ಹಲ್ಲು ಹಳದಿಗಟ್ಟಿದೆ. ಬ್ರಶ್ಶು ಎದುರಿಗೇ ಇತ್ತು, ಕೈ ಖಾಲಿ ಇತ್ತು, ಹೊತ್ತು ಹೋಗಬೇಕಲ್ಲ ಎಂದು ಉಜ್ಜಿದೆ.

ಮಾರ್ಚ್ 29, ಶನಿವಾರ

ಮೊಣಕೈ. ಇವತ್ತು ಹೆಂಡತಿ ಮನೆಯಲ್ಲೇ ಇದ್ದಳು, ಅತ್ತೆ ಅವಳದನ್ನು ಹಿಡಿಯಬಹುದಿತ್ತು. ‘ಅವಳು ಗಡಿಬಿಡಿಯವಳು, ಬೀಳಿಸಿಬಿಡ್ತಾಳೆ’ ಅಂದರು. ಅವಳು ಅತ್ತ ತಿರುಗಿಕೊಂಡಳು. ತಾಯಿ ಮಗಳ ನಡುವೆ ಏನಿದೆಯೋ ನನಗೆ ತಿಳಿಯದು.

ರಾತ್ರಿಯೆಲ್ಲ ನಿದ್ದೆ ಇಲ್ಲ. ಹೊಸ ಮಾತ್ರೆಗೆ ಬಾಯಿ ಒಣಗುತ್ತದೆ.

ಏಪ್ರಿಲ್ 3, ಗುರುವಾರ

ಇವತ್ತು ಏಳಲಿಲ್ಲ. ಕಲ್ಲು ಹೇರಿದ ಹಾಗೆ. ಅತ್ತೆ ಬಾಗಿಲಿಗೆ ಬಂದು ಕರೆದರು. ಆಗುವುದಿಲ್ಲ, ಇವತ್ತೊಂದು ದಿನ ಗೋಡೆ ಹಿಡಿದುಕೊಳ್ಳಿ ಎಂದೆ. ಸರಿ ಎಂದು ಹೋದರು. ಸ್ವಲ್ಪ ಹೊತ್ತಾದ ಮೇಲೆ ಮಗ್ಗುಲು ಬದಲಿಸಿದಾಗ ಬಾಗಿಲ ಸಂದಿಯಿಂದ ಕಂಡರು. ಬೇಸಿನ್ನಿನ ಪಕ್ಕ ನಿಂತಿದ್ದಾರೆ, ಲೋಟ ಹಿಡಿದು. ಮುಕ್ಕಳಿಸುತ್ತಿಲ್ಲ. ಗೋಡೆ ಹಿಡಿದಿಲ್ಲ. ಸುಮ್ಮನೆ ನಿಂತಿದ್ದಾರೆ.

ಕಣ್ಣು ಮುಚ್ಚಿದೆ. ತೆರೆದೆ. ನಿಂತಿದ್ದಾರೆ. ಬೀದಿಯಲ್ಲಿ ಶಾಲೆಯ ಮಕ್ಕಳು ಹೋದರು, ಹಾಲಿನ ಗಾಡಿ ಹೋಯಿತು, ಬಿಸಿಲು ಹಜಾರದ ನೆಲದವರೆಗೆ ಬಂತು. ನಿಂತೇ ಇದ್ದಾರೆ. ಆಗಾಗ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಾರೆ. ಅವರ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಸಾಯಲಿ ಎಂದುಕೊಂಡೆ. ನಾನೂ ಸಾಯಲಿ, ಈ ಮನೆಯೂ ಸುಟ್ಟುಹೋಗಲಿ ಎಂದುಕೊಂಡೆ. ತಲೆಯ ಮೇಲೆ ದಿಂಬು ಹಾಕಿಕೊಂಡೆ. ದಿಂಬಿನ ಕೆಳಗೂ ಅವರೇ ನಿಂತಿದ್ದರು.

ಕೊನೆಗೆ ಎದ್ದು ಹೋಗಿ ಕೂಗಾಡಿದೆ. ಬಿದ್ದು ಸಾಯಬೇಕೆಂದು ಹರಕೆ ಹೊತ್ತಿದ್ದೀರಾ ಎಂದೆ. ಅವರ ಪಾದ ಊದಿಕೊಂಡಿತ್ತು. ಲೋಟದ ನೀರು ಎಂದೋ ಆರಿ ಹೋಗಿತ್ತು.

‘ನೀರು ತಣ್ಣಗಾಯ್ತು, ಬಿಸಿ ಮಾಡ್ಕೊಂಡು ಬನ್ನಿ’ ಅಂದರು.

ಬಿಸಿ ಮಾಡಿಕೊಂಡು ಬಂದೆ. ಮೊಣಕೈ ಕೊಟ್ಟೆ. ಆಮೇಲೆ ಅವರ ಕಾಲು ಮೇಲಿಡಲು ಸ್ಟೂಲು ಬೇಕಾಯಿತು. ಹಿಂದಿನ ಕೋಣೆಯಿಂದ ನನ್ನ ಕೆಲಸದ ಸ್ಟೂಲನ್ನೇ ತಂದುಕೊಟ್ಟೆ.

ಏಪ್ರಿಲ್ 8, ಮಂಗಳವಾರ

ಮೊಣಕೈ. ಹಲ್ಲುಜ್ಜುವುದು. ಊಟ. ನಿದ್ದೆ. ಸ್ಟೂಲು ವಾಪಸು ಇಡಲು ಹಿಂದಿನ ಕೋಣೆಗೆ ಹೋದವನು ಅಲ್ಲೇ ಸ್ವಲ್ಪ ಹೊತ್ತು ಕೂತಿದ್ದೆ. ಏನೂ ಮಾಡಲಿಲ್ಲ. ಹಳೆಯ ಸೆಟ್ಟು ಮೇಜಿನ ಮೇಲಿತ್ತು. ಅದನ್ನು ಸುತ್ತಿಗೆಯಿಂದ ಒಡೆದು ಕಸಕ್ಕೆ ಹಾಕಿದೆ.

ಏಪ್ರಿಲ್ 12, ಶನಿವಾರ

ಇವತ್ತು ಹೊಸ ಅಚ್ಚು. ಹೆಂಡತಿಗೆ ರಜೆ ಸಿಗಲಿಲ್ಲ. ನಾನೇ ಅತ್ತೆಯನ್ನು ಕರೆದೊಯ್ಯಬೇಕಾಯಿತು. ಅಚ್ಚನ್ನು ಮನೆಗೆ ತಂದು ಮೇಜಿನ ಮೇಲಿಟ್ಟು ಮಂಚದ ಮೇಲೆ ಕೂತರೆ ಮುಗಿಯಿತು, ಮತ್ತೆ ಅದೇ ಕಥೆ. ನನ್ನನ್ನು ನಾನು ನಂಬುವ ಕಾಲ ಹೋಗಿದೆ. ಆದ್ದರಿಂದ ಬಟ್ಟಲು, ಕಲಸುವ ಚೂರಿ, ಡಬ್ಬಿಯಲ್ಲಿ ಪ್ಲಾಸ್ಟರ್ ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ಹೋದೆ.

ಅಲ್ಲಿ ನರ್ಸಮ್ಮ ಕೈ ತೊಳೆಯುವ ಕಟ್ಟೆಯ ಮೇಲೆ ಜಾಗ ಬಿಡಲು ಗೊಣಗಿದಳು. ಕಾದು ಕೂತವರೆಲ್ಲ ನೋಡುತ್ತಿದ್ದರು. ಡಾಕ್ಟರು ಅಚ್ಚನ್ನು ಅತ್ತೆಯ ಬಾಯಿಂದ ಬಿಡಿಸಿ ನನ್ನ ಕೈಗೇ ಕೊಟ್ಟರು. ಇನ್ನೂ ಬೆಚ್ಚಗಿತ್ತು. ನೀರು, ಪ್ಲಾಸ್ಟರ್, ಕಲಸು, ಗಾಳಿಗುಳ್ಳೆ ಹೋಗಲು ತಟ್ಟು, ಒಂದು ಅಂಚಿನಿಂದ ಹುಯ್ಯಿ. ಕೈಗೆ ಎಲ್ಲವೂ ನೆನಪಿತ್ತು. ಮನಸ್ಸಿಗೆ ಏನೂ ಅನ್ನಿಸಲಿಲ್ಲ. ಸಂತೋಷವಾಗಬೇಕಿತ್ತೇನೋ, ಆಗಲಿಲ್ಲ. ಅಂಗಿಯ ಮೇಲೆಲ್ಲ ಪ್ಲಾಸ್ಟರ್.

ಗಟ್ಟಿಯಾಗುವವರೆಗೆ ಅತ್ತೆಯೂ ನಾನೂ ಬೆಂಚಿನ ಮೇಲೆ ಕಾದೆವು. ‘ಮೇಸ್ತ್ರಿ ಅಂದರೆ ಸುಮ್ನೇನಾ’ ಎಂದು ಪಕ್ಕದಲ್ಲಿದ್ದವರಿಗೆ ಹೇಳುತ್ತಿದ್ದರು, ಕೈಯ ಹಿಂದಿನಿಂದ. ಮಾನ ಹೋಯಿತು.

ಏಪ್ರಿಲ್ 17, ಗುರುವಾರ

ಮೂರು ದಿನ ಬರೀ ಕತ್ತಲೆ. ಬೆಳಿಗ್ಗೆ ಮೊಣಕೈಗೆ ಎದ್ದದ್ದು ಬಿಟ್ಟರೆ ಏನೂ ಇಲ್ಲ. ಹುಣ್ಣು ಮಾಗಿದ ಮೇಲೂ ಉಪ್ಪುನೀರು ಯಾಕೆ ಎಂದು ಅತ್ತೆಯನ್ನು ಕೇಳಿದೆ. ಹೊಸ ಹಲ್ಲು ಬರುವ ತನಕ ಇರಲಿ ಅಂದರಂತೆ ಡಾಕ್ಟರು. ನನ್ನೆದುರು ಅಂದದ್ದು ನೆನಪಿಲ್ಲ.

ಏಪ್ರಿಲ್ 23, ಬುಧವಾರ

ಮೇಣದಲ್ಲಿ ಹಲ್ಲು ಕೂರಿಸುತ್ತಿದ್ದೇನೆ. ಮೊದಲ ಸಲ ಅಂಗಡಿಯ ಹಲ್ಲನ್ನು ಡಬ್ಬಿಯಲ್ಲಿ ಬಂದ ಹಾಗೆ ಸಾಲಾಗಿ ನೆಟ್ಟಿದ್ದೆ. ಈ ಸಲ ಹೆಂಡತಿಯನ್ನು ಕರೆದು ನಿಮ್ಮಮ್ಮನ ಮುಂದಿನ ಹಲ್ಲು ಹೇಗಿತ್ತು ಎಂದು ಕೇಳಿದೆ. ಅವಳು ಬಾಗಿಲಿಗೆ ಒರಗಿ ಯೋಚಿಸಿದಳು. ಒಂದು ಹಲ್ಲು ಇನ್ನೊಂದರ ಮೇಲೆ ಸ್ವಲ್ಪ ಹತ್ತಿಕೊಂಡಿತ್ತಂತೆ. ನಗುವಾಗ ತುಟಿಗೆ ಸಿಕ್ಕಿಕೊಳ್ಳುತ್ತಿತ್ತಂತೆ. ತೋರಿಸು ಎಂದರೆ ತನ್ನ ಎರಡು ಬೆರಳನ್ನು ಒಂದರ ಮೇಲೊಂದು ಇಟ್ಟು ತೋರಿಸಿದಳು. ಹಾಗೇ ಕೂರಿಸಿದೆ. ಅವಳು ನೋಡುತ್ತಾ ನಿಂತಿದ್ದಳು. ಚಹಾ ಆರಿಹೋಯಿತು. ಇಬ್ಬರೂ ಅದನ್ನೇ ಕುಡಿದೆವು.

ಮೇ 3, ಶನಿವಾರ

ಈ ಸಲ ಅತ್ತೆಗೆ ಹೊಸ ಸೆಟ್ಟನ್ನು ಡಾಕ್ಟರ ಕುರ್ಚಿಯಲ್ಲೇ ಹಾಕಿಸಿದೆ. ಎಲ್ಲಿ ಚುಚ್ಚುತ್ತದೆ ಎಂದು ಕೇಳಿದೆ. ಎಲ್ಲೂ ಇಲ್ಲ ಅಂದರು. ನಿಮ್ಮ ಮಾತನ್ನು ನಂಬುವುದಿಲ್ಲ ಎಂದೆ. ಡಾಕ್ಟರು ಬಿಳಿ ಪೇಸ್ಟು ಸವರಿ ಪರೀಕ್ಷೆ ಮಾಡಿದರು, ಒಂದು ಕಡೆ ಸ್ವಲ್ಪ ಒತ್ತುತ್ತಿತ್ತು, ಅಲ್ಲೇ ಉಜ್ಜಿ ಸರಿ ಮಾಡಿದೆ. ಸಂಜೆ ಮನೆಯಲ್ಲಿ ಅತ್ತೆ ಸುಟ್ಟ ಬ್ರೆಡ್ಡಿನ ಅಂಚು ಕಚ್ಚಿದರು. ಆ ಸದ್ದು ನನ್ನ ಕೋಣೆಯವರೆಗೆ ಕೇಳಿಸಿತು. ಮಲಗಿದ ಮೇಲೆ ಬಾಗಿಲು ಸ್ವಲ್ಪ ತೆರೆದು ನೋಡಿದೆ, ಮೊದಲಿನ ಹಾಗೆ ಕದ್ದು ನೆನೆಸಿಕೊಂಡು ತಿನ್ನುತ್ತಿದ್ದಾರೋ ಎಂದು. ಇಲ್ಲ.

ಮಾತಾಡುವಾಗ ಅವರ ಕೈ ಮೇಲೇರಿತು. ಅರ್ಧಕ್ಕೇ ನಿಂತಿತು. ಕೆಳಗಿಳಿಯಿತು.

ಮೇ 4, ಭಾನುವಾರ

ಇಷ್ಟೆಲ್ಲ ಆದ ಮೇಲೂ ಏನೂ ಅನ್ನಿಸುತ್ತಿಲ್ಲ. ಹಲ್ಲು ಆಯಿತು. ಇನ್ನು ನಾನು ಯಾತಕ್ಕೆ ಬೇಕು? ನಾಳೆ ಮನಸ್ಸಿನ ಡಾಕ್ಟರಿಗೆ ಈ ಮಾತೂ ಹೇಳಬೇಕು.

ಮೇ 6, ಮಂಗಳವಾರ

ಕೆಟ್ಟ ದಿನ. ಇವತ್ತು ಏನೂ ಮಾಡಲಿಲ್ಲ. ನಿನ್ನೆ ಡಾಕ್ಟರು ಇದು ಬಂದು ಹೋಗಿ ಮಾಡುತ್ತದೆ, ಇನ್ನೂ ಬಹಳ ದಿನ ಹಿಡಿಯಬಹುದು ಅಂದರು. ಹೆಂಡತಿ ನಸುಕಿಗೇ ಹೋದಳು. ಬೆಳಗಾಯಿತು, ಎದೆಯ ಮೇಲೆ ಅದೇ ಕಲ್ಲು. ಎದ್ದು ಹೋಗಿ ಬೇಸಿನ್ನಿನ ಹತ್ತಿರ ನಿಂತೆ.

ಅತ್ತೆ ಬರಲಿಲ್ಲ. ಕಾದೆ. ಬಹಳ ಹೊತ್ತಾದ ಮೇಲೆ ಅಡಿಗೆಮನೆಯಿಂದ ಬಂದರು, ಏನೋ ಅಗಿಯುತ್ತಾ. ನನ್ನನ್ನು ನೋಡಿ ನಿಂತರು.

‘ಯಾಕೆ ಇಲ್ಲಿ ನಿಂತಿದ್ದೀರಿ?’

‘ನೀವು ಬಾಯಿ ಮುಕ್ಕಳಿಸೋಕೆ ಬರ್ತೀರಲ್ಲ ಅಂತ.’

‘ಹಲ್ಲು ಬಂತಲ್ಲ. ಇನ್ನೇನು ಮುಕ್ಕಳಿಸೋದು?’

‘ನೆಲ ಜಾರುತ್ತೆ. ಬಿದ್ದುಗಿದ್ದೀರಿ ಅಂತ ಬಂದೆ’ ಎಂದೆ.

ಅವರು ಅಗಿಯುತ್ತಿದ್ದುದನ್ನು ನುಂಗಿದರು. ಬಾಯಿಗೆ ಕೈ ಅಡ್ಡ ಬರಲಿಲ್ಲ. ಒಂದರ ಮೇಲೊಂದು ಹತ್ತಿದ ಆ ಎರಡು ಹಲ್ಲು ತುಟಿಗೆ ಸಿಕ್ಕಿಕೊಂಡದ್ದು ಕಂಡಿತು.

‘ನಾನು ಯಾವತ್ತು ಬಿದ್ದಿದ್ದೀನಿ, ಅಳಿಯಂದಿರೇ?’

ಯೋಚಿಸಿದೆ. ನಿಜ. ಅವರು ಒಂದು ದಿನವೂ ಬಿದ್ದದ್ದು ನೆನಪಿಲ್ಲ. ಕಾಲು ಜಾರಿದ್ದೂ ಇಲ್ಲ.

ಅವರು ಹತ್ತಿರ ಬಂದು ನನ್ನ ಮೊಣಕೈ ಹಿಡಿದುಕೊಂಡು ನಿಂತರು. ನಾನು ಹಲ್ಲುಜ್ಜಿದೆ. ಇವತ್ತು ಬೇರೇನೂ ಮಾಡಲಿಲ್ಲ.